ಗೆರೆ ದಾಟದ ಕೈಗಳು

ಅರ್ಲೀನ್ ಪಿಕೆಟ್ ರಸ್ತೆ ದಾಟುವ ರೀತಿಯೇ ಬೇರೆ. ಊರಿನ ಮುಖ್ಯ ಬೀದಿಯ ಹಳದಿ ಗೆರೆಯಾಚೆ ಅಮೆರಿಕದ ಅರ್ಕನ್ಸಾ ರಾಜ್ಯ, ಈಚೆ ಟೆಕ್ಸಸ್. ಗೆರೆಯವರೆಗೆ ಸಿಪಾಯಿಯಂತೆ ತೋಳು ಬೀಸುತ್ತ ಬರುವವರು, ಗೆರೆ ಬಂದೊಡನೆ ಎರಡೂ ಕೈಗಳನ್ನು ಹಳೆಯ ಕಂದು ಕೋಟಿನ ಜೇಬಿಗಿಳಿಸಿಬಿಡುತ್ತಾರೆ. ಅಂಗಮರ್ದನ ಅವರ ಕಸುಬು. ಲೈಸೆನ್ಸು ಮಾತ್ರ ಅರ್ಕನ್ಸಾದ್ದು, ಟೆಕ್ಸಸ್ಸಿನಲ್ಲಿ ಅದು ನಡೆಯದು.

ಒಮ್ಮೆ ಟೆಕ್ಸಸ್ ಬದಿಯ ಚರ್ಚಿನ ಊಟದಲ್ಲಿ ಪ್ರಾರ್ಥನೆಗೆ ತಲೆಬಾಗಿದ ಪಾದ್ರಿಗಳ ಕತ್ತು ಹಾಗೆಯೇ ಹಿಡಿದುಕೊಂಡಿತು. "ಏಳಿ ಪಾದ್ರಿಗಳೇ, ನನ್ನ ರಾಜ್ಯಕ್ಕೆ ಹೋಗೋಣ" ಎಂದು ಅರ್ಲೀನ್ ಅವರನ್ನು ರಸ್ತೆ ದಾಟಿಸಿ, ಕ್ಷೌರದಂಗಡಿಯ ಬೆಂಚಿನ ಮೇಲೆ ಕೂರಿಸಿ, ಕತ್ತು ಬಿಡಿಸಿ, ಸಾರು ಆರುವುದರೊಳಗೆ ಕರೆತಂದರು.

"ಇಲ್ಲಿಯ ಲೈಸೆನ್ಸಿನ ಪರೀಕ್ಷೆಯನ್ನೂ ಬರೆದುಬಿಡಬಾರದೆ?" ಎಂದು ಟೆಕ್ಸಸ್ ಬದಿಯವರು ಕೇಳಿದರೆ, "ಇಷ್ಟು ವರ್ಷ ಬೆನ್ನು ತಿಕ್ಕಿದೀನಿ, ಬೆನ್ನು ಎಲ್ಲಿದೆ ಅಂತ ಈಗ ಬರೆದು ತೋರಿಸ್ಬೇಕಾ?" ಎನ್ನುವ ಹಟ. ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ಮಾನ್ಯಮಾಡುವ ಮಸೂದೆಗಾಗಿ ಟೆಕ್ಸಸ್ಸಿನ ರಾಜಧಾನಿಗೇ ಹೋಗಿ ಮಾತಾಡಿ ಬಂದರು.

"ಏನಂದ್ರು, ಮಿಸ್ ಅರ್ಲೀನ್?" ಎಂದು ಕೇಳಿದಳು, ಅಜ್ಜಿಯನ್ನು ಅವರ ಬಳಿ ಕರೆತರುವ ಕೋರಾ.

"ತುಂಬ ಚೆನ್ನಾಗಿ ಮಾತಾಡಿದ್ರಿ ಅಂದ್ರು. ಆಗಲ್ಲ ಅನ್ನೋಕೆ ಅದು ಮರ್ಯಾದೆಯ ಮಾತು, ಕಂದಾ."

ಕೋರಾಳ ಮನೆ ಟೆಕ್ಸಸ್ ಬದಿಯಲ್ಲಿ. ಪಾರ್ಶ್ವವಾಯು ಬಡಿದ ಅಜ್ಜಿ ಐಡೆಲ್‌ಳ ಒಂದು ಕೈಯ ಮುಷ್ಟಿ ಬಿಗಿದುಕೊಂಡಿತ್ತು. ಬಿಟ್ಟರೆ ಹಾಗೆಯೇ ಸೆಟೆದುಹೋಗುತ್ತದೆಂದು ವೈದ್ಯರು ಹೇಳಿದ್ದರು. ಮರಿಮಗುವನ್ನು, ಕೋರಾಳ ಕೂಸನ್ನು, ಎತ್ತಿಕೊಳ್ಳಬೇಕೆಂಬುದೊಂದೇ ಅಜ್ಜಿಯ ಆಸೆ. ಆದ್ದರಿಂದ ಪ್ರತಿ ವಾರ ಮಗುವನ್ನು ಎದೆಗೆ ಕಟ್ಟಿಕೊಂಡು, ಲಾರಿ ಬಂದೀತೆ, ಮಗುವಿಗೆ ಶೀತವಾದೀತೆ ಎಂದು ಸಾವಿರ ಸಲ ಹೆದರುತ್ತ, ಅವಳು ಗಾಲಿಕುರ್ಚಿಯನ್ನು ಗೆರೆಯಾಚೆ ತಳ್ಳುತ್ತಿದ್ದಳು.

ಹಿಮಮಳೆಗೆ ರಸ್ತೆ ಗಾಜಾದ ದಿನ ಗಾಲಿಕುರ್ಚಿ ಹೊರಡಲಿಲ್ಲ. ಉಗುರುಗಳು ಅಂಗೈಗೆ ನಾಟಿ ಅಜ್ಜಿ ನರಳತೊಡಗಿದಳು. ಕೋರಾ ಫೋನು ಮಾಡಿದಳು. ಅರ್ಲೀನ್ ಜಾರುತ್ತ ಬಂದರು, ಕೈ ಮಾತ್ರ ಜೇಬಿನಲ್ಲೇ.

"ಏನೇ, ಜೇಬಲ್ಲಿ ಮಿಠಾಯಿ ಬಚ್ಚಿಟ್ಕೊಂಡಿದೀಯಾ?" ಎಂದಳು ಅಜ್ಜಿ ನೋವಿನಲ್ಲೂ.

"ಬಾಗಿಲು ಹಾಕಿದೀನಿ, ಮಿಸ್ ಅರ್ಲೀನ್. ಯಾರು ನೋಡ್ತಾರೆ?" ಎಂದಳು ಕೋರಾ.

"ನಾನು ನೋಡ್ತೀನಲ್ಲ! ನೀನು ಕೂತ್ಕೊ. ಅಜ್ಜಿಯ ಮಣಿಕಟ್ಟು ಬಾಗಿಸು. ನಿನ್ನ ಹೆಬ್ಬೆರಳು ಅಲ್ಲಿ ಅಲ್ಲ, ಇನ್ನೂ ಕೆಳಗೆ. ಮಗು ನಿನ್ನ ಕೂದಲು ಹಿಡ್ಕೊಂಡ್ರೆ ಹೇಗೆ ಬಿಡಿಸ್ತೀಯ? ಹಾಗೆ."

ಕೋರಾ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅವಳು ತಲೆಯೆತ್ತಿದಾಗ ಕಂದು ಕೋಟಿನ ಜೇಬುಗಳು ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಒಳಗೆ ಆ ಬೆರಳುಗಳು ಇಡೀ ಕೆಲಸವನ್ನು ತಾವೇ ಮಾಡುತ್ತಿದ್ದವು. ಬಹಳ ಹೊತ್ತಿನ ಮೇಲೆ ಅಜ್ಜಿಯ ಮುಷ್ಟಿ ಅರಳಿತು. ಕೋರಾ ಆ ಅಂಗೈಗೆ ಮಗುವಿನ ಪಾದವನ್ನು ಇಟ್ಟಳು.

ಕಾಯಿದೆಯನ್ನು ಇಂಥವರಷ್ಟು ಬೈಯುವವರಿಲ್ಲ, ಇಂಥವರಷ್ಟು ಪಾಲಿಸುವವರೂ ಇಲ್ಲ. ಗೆರೆ ಅಳಿಸಲೆಂದು ರಾಜಧಾನಿಯವರೆಗೂ ಹೋಗುತ್ತಾರೆ. ಅಳಿಸುವವರೆಗೆ ಅದರ ಈಚೆ ಕೈಕಟ್ಟಿ ನಿಂತು, ತಮ್ಮ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಹೋಗುತ್ತಾರೆ.