ನನ್ನ ಪಾಲಿನ ಐದು ಸಹಿ

ನಮ್ಮ ನರ್ಸಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರನೇ ವರ್ಷದವರೆಲ್ಲ ನರ್ಸುಗಳು, ನಾನೊಬ್ಬಳೇ ರೋಗಿ. ಅಭ್ಯಾಸಕ್ಕಿದ್ದ ರಬ್ಬರ್ ಬೊಂಬೆಯ ಸೊಂಟ ಮುರಿದಂದಿನಿಂದ ಮಂಚದ ಮೇಲೆ ಮಲಗುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. “ಮೂಟೇನ ಎತ್ತಿದ್ರೆ ಯಾರನ್ನ ಬೇಕಾದ್ರೂ ಎತ್ತಬಹುದು ಕಣೇ,” ಅನ್ನುವುದು ಗೆಳತಿಯರ ಮಾತು. ಮೂಟೆ ಅಂದರೆ ನಾನೇ.

ಸೇರಿದಾಗ ಐವತ್ತೆರಡು ಕೆಜಿ ಇದ್ದೆ, ಈಗ ಎಂಬತ್ತೊಂದು. ಇನ್ನೇನಾದೀತು? ಬೆಳಗ್ಗೆ ಆರಕ್ಕೆ ವಾರ್ಡಿಗೆ ಓಡಬೇಕು, ಆಗ ಹಾಸ್ಟೆಲಿನ ಅಡುಗೆಮನೆ ಬಾಗಿಲೇ ತೆಗೆದಿರುವುದಿಲ್ಲ. ಹನ್ನೊಂದಕ್ಕೆ ಒಂದು ಬನ್ನು, ಎರಡು ಲೋಟ ಸಕ್ಕರೆ ಸುರಿದ ಚಹಾ. ಮಧ್ಯಾಹ್ನದಿಂದ ಸಂಜೆವರೆಗೆ ಬೆಂಚಿಗೆ ಅಂಟಿಕೊಂಡು ಪಾಠ, ಆಮೇಲೆ ರೆಕಾರ್ಡ್ ಬರೆಯುತ್ತ ಚಿಪ್ಸು. ಬೊಜ್ಜು ಯಾಕೆ ಬರುತ್ತದೆ ಎಂದು ಪಾಠ ಮಾಡುವ ಮೇಡಂ ಉದಾಹರಣೆಗೆ ನನ್ನ ಕಡೆಗೇ ನೋಡುತ್ತಾರೆ. ಮೈಯೆಲ್ಲ ಉರಿದುಹೋಗುತ್ತದೆ.

ಅದನ್ನೂ ನುಂಗಿಕೊಂಡಿದ್ದೆ. ಆದರೆ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದನ್ನು ಐದು ಸಲ ಮಾಡಿ, ಅದೇ ಮೇಡಂ ಸಹಿ ಪಡೆದರಷ್ಟೇ ಪರೀಕ್ಷೆಗೆ ಕೂರಿಸುತ್ತಾರೆ. ಶನಿವಾರ ಕಡೆಯ ದಿನ. ಗುರುವಾರವಾದರೂ ನನ್ನ ಹಾಳೆ ಖಾಲಿ.

“ಮೇಡಂ, ಇವತ್ತು ನಾನು ಮಲಗಲ್ಲ,” ಅಂದೆ.

“ಯಾಕಮ್ಮ, ಏನಾಯ್ತು?”

“ನಂಗೆ ಒಂದು ಸಹೀನೂ ಆಗಿಲ್ಲ.”

“ಅಷ್ಟೇನಾ? ದಿನಾ ನೋಡಿ ನೋಡಿ ನಿಂಗೆಲ್ಲ ಬಂದಿರುತ್ತೆ. ಐದೂ ಹಾಕ್ಕೊಡ್ತೀನಿ, ತಾ.”

ಪೆನ್ನು ತೆಗೆದೇಬಿಟ್ಟರು. ಬೇರೆಯವಳಾಗಿದ್ದರೆ ಕುಣಿಯುತ್ತಿದ್ದಳು. ನಾನು ಹಾಳೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

“ಮಲಗಿ ನಾನು ನೋಡಿದ್ದು ಫ್ಯಾನು ಮೇಡಂ. ನಾಳೆ ವಾರ್ಡಲ್ಲಿ ಯಾರನ್ನಾದ್ರೂ ಕೆಡವಿದ್ರೆ ನಿಮ್ಮ ಸಹಿ ಬಂದು ಹಿಡ್ಕೊಳ್ಳುತ್ತಾ?”

ಮೇಡಂ ಮುಖ ಗಂಟಿಕ್ಕಿದರು. “ಸರಿ, ಬೇರೆ ಯಾರು ಮಲಗ್ತೀರ?”

ಎಲ್ಲರೂ ತಮ್ಮ ತಮ್ಮ ಶೂ ನೋಡತೊಡಗಿದರು. ಮೂರು ವರ್ಷದಲ್ಲಿ ಊದಿಕೊಳ್ಳದವರು ಯಾರಿದ್ದಾರೆ? ಆದರೆ ತಮ್ಮ ತೂಕ ಇನ್ನೊಬ್ಬರ ಕೈಗೆ ಗೊತ್ತಾಗುವುದು ಯಾರಿಗೂ ಬೇಡ. ನನ್ನನ್ನು ಎತ್ತುವಾಗ ಮಾತ್ರ ಇವರಿಗೆಲ್ಲ ನಗು.

“ಹಾಗಾದ್ರೆ ನೀವೇ ಮಲಗಿ ಮೇಡಂ.” ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

ಬೈಯುತ್ತಾರೆ ಅಂದುಕೊಂಡೆ. ಮೇಡಂ ಒಂದು ಕ್ಷಣ ನನ್ನನ್ನೇ ದುರುಗುಟ್ಟಿ ನೋಡಿ, ಕನ್ನಡಕ ತೆಗೆದಿಟ್ಟು, ಚಪ್ಪಲಿ ಬಿಚ್ಚಿ ಮಂಚ ಹತ್ತಿದರು. ಅವರೇನೂ ಕಡ್ಡಿಯಲ್ಲ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು ಕೂರಿಸಿ, ಬೆನ್ನಿಗೆ ಕೈ ಹಾಕಿದೆ. ಮೈಯನ್ನು ಕೊರಡಿನಂತೆ ಬಿಗಿಹಿಡಿದಿದ್ದರು, ಎತ್ತಲು ಬರಲೇ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಆಗ ಮೇಡಂ ನನಗಷ್ಟೇ ಕೇಳುವಂತೆ ಪಿಸುಗುಟ್ಟಿದರು.

“ತುಂಬಾ ಭಾರ ಇದೀನಾ?”

ಚುಚ್ಚುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಯಾಕೋ ಆಡಲಾಗಲಿಲ್ಲ.

“ಇದೀರ ಮೇಡಂ. ಆದ್ರೆ ಬೀಳಿಸಲ್ಲ. ನನ್ನ ಹೆಗಲು ಹಿಡ್ಕೊಳ್ಳಿ.”

ಅವರು ಮೈ ಸಡಿಲ ಬಿಟ್ಟರು. ನಾನು ಎತ್ತಿ, ತಿರುಗಿಸಿ, ಕುರ್ಚಿಗೆ ಕೂರಿಸಿದೆ. ಮೇಡಂ ನನ್ನ ಹಾಳೆ ತೆಗೆದುಕೊಂಡು ಒಂದೇ ಒಂದು ಸಹಿ ಹಾಕಿದರು.

ಬೀಳಿಸಲ್ಲ ಅಂತ ಈ ಮೂರು ವರ್ಷದಲ್ಲಿ ನನಗೆ ಒಬ್ಬರಾದರೂ ಹೇಳಿದ್ದರೆ! ಮೇಡಂನ ನೋಡಿ ಹೊಟ್ಟೆಕಿಚ್ಚಾಯಿತು.