ಮಕಾಡೆ ಮಲಗಿದ ತಲೆ

ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಝ್ದೆಂಕಾ ನಲವತ್ತೊಂಬತ್ತನೆಯ ತಲೆಯನ್ನು ಗುರುತಿಸಿ ಬರೆದುಕೊಂಡಳು. ಐವತ್ತು ಬೇಕಿತ್ತು.

ತಾತ್ರಾ ಬೆಟ್ಟದ ಸರೋವರಗಳ ಹೂಳಿನಲ್ಲಿ ಕಚ್ಚದ ನುಸಿಯ ಮರಿಹುಳುಗಳ ತಲೆಚಿಪ್ಪು ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಗದ್ದದ ಹಲ್ಲು ನೋಡಿ ಜಾತಿ ಹೇಳಬಹುದು. ಜಾತಿಗಳಿಂದ ಆ ಕಾಲದ ಬೇಸಿಗೆ ಎಷ್ಟು ತಣ್ಣಗಿತ್ತೆಂದು ಅಂದಾಜಿಸಬಹುದು. ಪದರವೊಂದಕ್ಕೆ ಐವತ್ತು ತಲೆ ಸಿಗದಿದ್ದರೆ ಪಕ್ಕದ ಪದರಕ್ಕೆ ಸೇರಿಸಿಬಿಡುತ್ತಾರೆ. ಅವಳೀಗ ಎಣಿಸುತ್ತಿದ್ದ ಅರವತ್ತಮೂರನೆಯ ಸೆಂಟಿಮೀಟರಿನ ಪದರದಲ್ಲಿ ಮಾತ್ರ ಚಳಿಯ ಜಾತಿಗಳೇ ತುಂಬಿದ್ದವು. ಸೇರಿಸಿದರೆ ಆ ಚಳಿಗಾಲದಂಥ ಬೇಸಿಗೆಗಳ ಗುರುತೇ ಉಳಿಯುತ್ತಿರಲಿಲ್ಲ. ಆ ಪದರದ ಹೂಳು ಪೂರ್ತಿ ಮುಗಿದಿತ್ತು.

ಅದು ಬ್ಲಾಝೇಯ್ ಹೆಕ್ಕಿದ ಕೊನೆಯ ಪದರ. ಇಪ್ಪತ್ತೆರಡು ವರ್ಷ ಅವನು ತಲೆಗಳನ್ನು ಹೆಕ್ಕಿ ಸ್ಲೈಡಿಗೆ ಅಂಟಿಸುತ್ತಿದ್ದ, ಇವಳು ಹೆಸರು ಹೇಳುತ್ತಿದ್ದಳು. ನವೆಂಬರಿನಲ್ಲಿ ತೀರಿಕೊಂಡ. ಆಮೇಲೆ ಆ ಕೋಣೆಯಲ್ಲಿ ಇವಳೊಬ್ಬಳೇ.

ಆ ಪದರದ್ದು ಉಳಿದಿದ್ದು ಒಂದೇ ಸ್ಲೈಡ್. ಗದ್ದ ಮೇಲೆ ಮಾಡಿ ಅಂಟಿಸುವುದು ಕಸುಬಿನ ಮೊದಲ ಪಾಠ. ಈ ತಲೆ ಮಕಾಡೆ ಮಲಗಿತ್ತು. ಅವನ ಪೆಟ್ಟಿಗೆಯಲ್ಲಿ ತಾನಿನ್ನೂ ನೋಡಿರದ ಉಳಿದ ಸ್ಲೈಡುಗಳನ್ನೂ ತೆಗೆದು ನೋಡಿದಳು. ಅದಕ್ಕೂ ಸ್ವಲ್ಪ ಮುಂಚೆ ಹೆಕ್ಕಿದ ಬೇರೆ ಪದರಗಳವು. ಮೂರು ತಲೆ ಮಕಾಡೆ. ಎರಡರಲ್ಲಿ ತಲೆಯೇ ಇಲ್ಲ, ಪಾಚಿಯ ಚೂರು.

ಪ್ರಯೋಗಾಲಯದ ಮುಖ್ಯಸ್ಥ ಒಂದ್ರೇಯ್ ಬಾಗಿಲಲ್ಲಿ ಇಣುಕಿದ. ಅವರಿಬ್ಬರ ಕೈಯಲ್ಲೇ ಕೆಲಸ ಕಲಿತವನು.

"ಇನ್ನೂ ಒಂದಕ್ಕೇ ಒದ್ದಾಡ್ತಿದ್ದೀರಾ ಅಕ್ಕ? ಐವತ್ತು ಅಂತ ಹಾಕ್ಬಿಡಿ. ಹುಳ ಬಂದು ಕೇಳುತ್ತಾ?"

"ಹುಳ ಕೇಳಲ್ಲ ಕಣೋ, ನಾನು ಕೇಳ್ಕೋತೀನಿ. ಬಾ, ಇದನ್ನ ನೋಡು."

ಅವನು ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದ. "ಇದೇನಿದು, ಉಲ್ಟಾ! ನಾನು ಹೀಗೆ ಅಂಟಿಸಿದ್ರೆ ಬ್ಲಾಝೇಯ್ ಮಾಮ ಮಧ್ಯಾಹ್ನದ ಸೂಪಿಗೂ ಬಿಡ್ತಿರಲಿಲ್ಲ."

"ಅವನಿಗೆ ಕಣ್ಣು ಕಾಣ್ತಿರಲಿಲ್ಲ."

"ನಿಮಗೆ ಹೇಳಿದ್ರಾ?"

"ಇಲ್ಲ. ಪಕ್ಕದಲ್ಲೇ ಕೂತಿದ್ದೆ. ನಾನೂ ಕೇಳ್ಲಿಲ್ಲ."

ಒಂದ್ರೇಯ್ ಬಾಗಿಲು ಎಳೆದುಕೊಂಡು ಹೋದ.

ಝ್ದೆಂಕಾ ಸ್ಪಿರಿಟ್ ಹಾಕಿ ಅಂಟು ಸಡಿಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಮುಚ್ಚುಗಾಜು ಜಾರಿತು. ಸೂಜಿಮೊನೆಯಿಂದ ತಲೆಯನ್ನು ಮಗುಚುವಾಗ ಅದು ಗದ್ದದ ನಡುವೆ ಸರಿಯಾಗಿ ಎರಡು ಹೋಳಾಯಿತು. ಒಂದು ಹೋಳು ತೇಲಿಹೋಯಿತು. ಮೂರು ಗಂಟೆಯವರೆಗೆ ಹುಡುಕಿದಳು, ಸಿಗಲಿಲ್ಲ. ಉಳಿದ ಹೋಳಿನ ಹಲ್ಲುಗಳು ಸ್ಪಷ್ಟವಾಗಿದ್ದವು: ಚಳಿಯ ಜಾತಿಯೇ. ಆದರೆ ಅರ್ಧ ಗದ್ದಕ್ಕೆ ಅರ್ಧ ತಲೆಯೆಂದೇ ಲೆಕ್ಕ.

ನಲವತ್ತೊಂಬತ್ತೂವರೆ ಎಂದು ಬರೆದು ಸಹಿ ಹಾಕಿದಳು.

ಮಾರ್ಚ್‌ನಲ್ಲಿ ಆ ಪದರವನ್ನು ಅರವತ್ತೆರಡನೆಯದರೊಂದಿಗೆ ಸೇರಿಸಲಾಯಿತು.