ಅಂಟು ಬಿಟ್ಟ ಪಿಟೀಲು

"ಏ ಕರುಳಿ, ಗಿರಾಕಿ ಇದ್ದಾಗ ಹಿತ್ತಲು ಬಿಟ್ಟು ಬರಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ, ಮುಂಡೆ?"

ಯಜಮಾನ ಹಲ್ಲು ಕಚ್ಚಿ ಆಡಿದ ಮಾತು ಅಂಗಡಿಗೆಲ್ಲ ಕೇಳಿತು. ಅವಳು ಬಾಗಿಲಲ್ಲೇ ನಿಂತಳು. ಮೆತ್ತನೆಯ ಕುರ್ಚಿಯಲ್ಲಿ ಕೂತು ಹೆಸರುವಾಸಿ ವಾದಕನೊಬ್ಬ ಅವಳು ಮಾಡಿದ ಪಿಟೀಲು ನುಡಿಸುತ್ತಿದ್ದ. ಆ ನಾದ ಕಿವಿಗೆ ಬಿದ್ದದ್ದೇ ಕಾಲು ತಡೆಯಲಿಲ್ಲ.

ಕಸಾಯಿಖಾನೆಯಲ್ಲಿ ಅವ್ವನ ಜೊತೆ ಕುರಿಯ ಕರುಳು ತೊಳೆಯುತ್ತ ಬೆಳೆದವಳು. ಅಡ್ಡಹೆಸರು ಅಂಟಿದ್ದೂ ಅಲ್ಲೇ. ಮದುವೆಯಾದ ಮೇಲೆ ಅದೇ ಕರುಳನ್ನು ಕೆರೆದು, ಹೊಸೆದು ತಂತಿ ಮಾಡುವುದನ್ನು ಅತ್ತೆ ಕಲಿಸಿದಳು. ತಂತಿ ಮಾರಲು ಈ ಅಂಗಡಿಗೆ ಬಂದವಳು ಇಲ್ಲೇ ಕಸ ಗುಡಿಸಿದಳು, ಚರ್ಮ ಬೇಯಿಸಿ ಅಂಟು ಕಾಸಿದಳು, ಪಿಟೀಲು ಮಾಡುತ್ತಿದ್ದ ಮುದಿ ಬಡಗಿಯ ಪಕ್ಕ ಕೂತು ಹಲಗೆ ಕೆತ್ತಿದಳು. ಮುದುಕ ಸತ್ತ ಮೇಲೆ ಪಿಟೀಲುಗಳೆಲ್ಲ ಅವಳ ಕೈಯಿಂದಲೇ ಹೊರಟವು. ಕೂಲಿ ಮಾತ್ರ ಕಸ ಗುಡಿಸುವವಳದ್ದೇ ಉಳಿಯಿತು.

ವಾದಕ ಕಮಾನು ಇಳಿಸಿದ. "ಯಾರಯ್ಯ ಇವಳು?"

"ಹಿಂದೆ ಚಾಕರಿ ಮಾಡ್ಕೊಂಡಿರ್ತಾಳೆ ಸ್ವಾಮಿ."

"ಅದು ನಾನು ಮಾಡಿದ ಪಿಟೀಲು," ಎಂದಳು. ಬಾಯಿ ಜಾರಿತ್ತು.

ವಾದಕ ನಕ್ಕ. ಆಮೇಲೆ ಕರುಳಿನ ಕೊಳೆ ಕೂತ ಅವಳ ಉಗುರು ನೋಡಿ ಮೂಗು ಮುಚ್ಚಿಕೊಂಡ. "ಥೂ, ಇದನ್ನ ಗಲ್ಲಕ್ಕೆ ಒತ್ಕೊಂಡಿದ್ನಲ್ಲಯ್ಯ." ಕರವಸ್ತ್ರದಿಂದ ಗಲ್ಲ ಒರೆಸಿದ, ಒರೆಸುತ್ತಲೇ ಇದ್ದ. "ನಾದ ಚೆನ್ನಾಗಿದೆ, ತಗೋತೀನಿ. ಇವಳ ಹೊಲಸು ಏನೇನಿದೆಯೋ ಎಲ್ಲ ತೆಗೆಸಿ ಕೊಡು."

"ಕೇಳಿಸ್ತೇನೇ ಲೌಡಿ? ತೆಗಿ, ಅವರೆದುರಿಗೇ ತೆಗಿ," ಯಜಮಾನ ಪಿಟೀಲನ್ನು ಅವಳ ಕಡೆ ನೂಕಿದ.

"ಎಲ್ಲಾನೂ ತೆಗೀಲಾ ಯಜಮಾನ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಕಿವಿ ಬಿದ್ದೋಗಿದೆಯಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಆ ಅಂಗಡಿಯ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು. ಬಿರಡೆ ತಿರುವಿ ತಂತಿ ಬಿಚ್ಚಿದಳು. "ಇದು ಕರುಳು." ಸೊಂಟದಲ್ಲಿದ್ದ ತೆಳು ಚಾಕು ತೆಗೆದು, ವಾದಕನ ಮುಂದೆ ಹೊಗೆಯಾಡುತ್ತಿದ್ದ ಚಹಾದ ಲೋಟದೊಳಗೆ ಅದ್ದಿ, ಹಲಗೆಯ ಸಂದಿಗೆ ತೂರಿಸಿದಳು.

"ಏಯ್, ಏನೇ ಮಾಡ್ತಿದೀಯ?"

"ಅಂಟು ಬಿಡಿಸ್ತಿದೀನಿ. ಅದೂ ಚರ್ಮ ಬೇಯಿಸಿದ್ದೇ."

ಹಲಗೆ ಟಕ್ಕನೆ ಬಿಟ್ಟಿತು. ಹೊಡೆಯಲು ಎತ್ತಿದ ಯಜಮಾನನ ಕೈ, ಚಾಕು ಕಂಡು, ಅಲ್ಲೇ ನಿಂತಿತು. ಅವಳು ಬೆನ್ನು ಬಿಡಿಸಿದಳು, ಪಕ್ಕೆ ಬಿಡಿಸಿದಳು, ಕತ್ತು ಬಿಡಿಸಿದಳು. ಇಡೀ ಚಳಿಗಾಲ ಕೂತು ಕೆತ್ತಿದ ಮರ.

ವಾದಕ ಎದ್ದು ಹೋದ. ಯಜಮಾನ ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿದ, ಅಂಗಿಯ ತೋಳು ಮಡಚತೊಡಗಿದ.

ಅವಳು ಗೋಡೆಯಿಂದ ಇನ್ನೊಂದು ಪಿಟೀಲು ಇಳಿಸಿಕೊಂಡಳು.

"ಇದರಲ್ಲೂ ನನ್ನ ಹೊಲಸು ಇದೆ ಯಜಮಾನ್ರೆ," ಎಂದು ಬಿರಡೆಗೆ ಕೈ ಹಾಕಿದಳು.